ಉಪ್ಪುನೀರಿನ ಬೆಳಕು

ಬಿ.ಎಸ್ಸಿ.ಯಲ್ಲಿ ಉರುಹೊಡೆದ ಸೂತ್ರಗಳಲ್ಲಿ ಒಂದೂ ಈಗ ನನ್ನ ತಲೆಯಲ್ಲಿಲ್ಲ. ನೀರಿಗೆ ಎಷ್ಟು ಉಪ್ಪು ಹಾಕಿದರೆ ರಂಗದ ಮೇಲೆ ಮುಸ್ಸಂಜೆ ಇಳಿಯುತ್ತದೆ ಎನ್ನುವುದು ಮಾತ್ರ ಚೆನ್ನಾಗಿ ನೆನಪಿದೆ. ಅದನ್ನು ಕಲಿಸಿದ ನಮ್ಮ ಭೌತಶಾಸ್ತ್ರದ ಮೇಷ್ಟ್ರು ಕಳೆದ ಆಷಾಢದಲ್ಲಿ ತೀರಿಕೊಂಡರು. ಅಂತ್ಯಕ್ರಿಯೆಗೆ ಬಂದಿದ್ದ ಹಳೆಯ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ಅವರ ಜೊತೆ ನಾಟಕ ಕಟ್ಟಿದವರೇ.

1980ರ ದಶಕದಲ್ಲಿ, ದೀಪದ ಬೆಳಕನ್ನು ಏರಿಸಿ ಇಳಿಸುವ ಡಿಮ್ಮರ್ ಬಾಡಿಗೆಗೆ ತರುವಷ್ಟು ದುಡ್ಡು ನಮ್ಮ ಕಾಲೇಜಿನ ನಾಟಕ ಸಂಘಕ್ಕಿರಲಿಲ್ಲ. ಮೇಷ್ಟ್ರು ಎಸ್.ಪಿ. ರೋಡಿನ ಗುಜರಿ ಅಂಗಡಿಗಳಲ್ಲಿ ಅಲೆದು ವೈರು, ಹೋಲ್ಡರು ತಂದರು. ಡಾಲ್ಡಾ ಡಬ್ಬಗಳು ಸ್ಪಾಟ್‌ಲೈಟುಗಳಾದವು. ಡಿಮ್ಮರಿನ ಬದಲು ಪಿಂಗಾಣಿ ಕೊಳವೆಯೊಂದರ ತಳ ಮುಚ್ಚಿ, ಉಪ್ಪುನೀರು ತುಂಬಿ, ಅಡಿಗೊಂದು ಲೋಹದ ತಗಡು, ಮೇಲಿಂದ ಇಳಿಬಿಟ್ಟ ಇನ್ನೊಂದು ತಗಡು. ಮೇಲಿನದನ್ನು ಇಳಿಸಿದಷ್ಟೂ ನೀರಿನ ಮೂಲಕ ಕರೆಂಟು ಹೆಚ್ಚು ಹರಿದು ದೀಪ ಬೆಳಗುತ್ತಿತ್ತು, ಎತ್ತಿದರೆ ಮಂಕಾಗುತ್ತಿತ್ತು. ಅರ್ಧ ನಾಟಕ ಮುಗಿಯುವಷ್ಟರಲ್ಲಿ ನೀರು ಕಾದು ಹಬೆಯಾಡುತ್ತಿತ್ತು. ಮುಟ್ಟಿದರೆ ಜೀವವೇ ಹೋಗಬಹುದಾದ ಯಂತ್ರವದು. ಹಾಗಾಗಿ ಮೇಷ್ಟ್ರು ಅದನ್ನು ನಮ್ಮ ಕೈಗೆ ಕೊಡಲೇ ಇಲ್ಲ. ಒಣ ಮರದ ಹಲಗೆಯ ಮೇಲೆ, ರಬ್ಬರ್ ಚಪ್ಪಲಿ ಮೆಟ್ಟಿ, ಎಡಗೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಾಟಕ ಮುಗಿಯುವವರೆಗೂ ತಾವೇ ನಿಲ್ಲುತ್ತಿದ್ದರು.

ಆ ವರ್ಷ ನಾನು ಬರೆದು ನಿರ್ದೇಶಿಸಿದ್ದು ಧರ್ಮಾಂಬುಧಿ ಕೆರೆಯ ಕಥೆ. ಆ ಕೆರೆ ಇದ್ದ ಜಾಗವೇ ಇಂದಿನ ಮೆಜೆಸ್ಟಿಕ್ ಬಸ್ ನಿಲ್ದಾಣ. ಕೆರೆಯ ನೀರು ಬಿಡುವ ಕೆಲಸದ ಮುದುಕ ನೀರುಗಂಟಿಯೊಬ್ಬ ಬಸ್ಸುಗಳ ನಡುವೆ ತನ್ನ ಕೆರೆಯ ತೂಬು ಹುಡುಕುತ್ತಾ ನಿಲ್ಲುವುದು ಕೊನೆಯ ದೃಶ್ಯ. ಸಂಗೀತ ನನ್ನ ಆಪ್ತ ಗೆಳೆಯನದು. ಅವನಿಗೆ ಅಲ್ಲಿ ತಮಟೆ, ಮೇಳದ ಹಾಡು ಬೇಕು. ನನಗೆ ಕಂಡಕ್ಟರುಗಳ ಕೂಗು ಬಿಟ್ಟು ಬೇರೇನೂ ಬೇಡ. ಗಾಂಧಿ ಬಜಾರಿನಲ್ಲಿ ದೋಸೆ ತಿನ್ನುತ್ತಾ ಶುರುವಾದ ವಾದ ಜಗಳವಾಗಿ, ಕೊನೆಗೆ ಮಾತೇ ನಿಂತುಹೋಯಿತು.

ಮೇಷ್ಟ್ರು ಇಬ್ಬರನ್ನೂ ಕರೆದರು. “ವಾದ ಸಾಕು ಕಣ್ರಯ್ಯಾ, ಮಾಡಿ ತೋರಿಸಿ. ಇವತ್ತು ನೀನು ಅವನ ಕೊನೆಯ ದೃಶ್ಯ ಮಾಡಿಸು, ನಾಳೆ ಅವನು ನಿನ್ನದು ಮಾಡಿಸಲಿ. ಬೇಕಂತಲೇ ಕೆಡಿಸಿದವನು ನಾಟಕದಿಂದ ಆಚೆಗೆ.” ನೋಡಲು ಹಾಸ್ಟೆಲಿನ ಅಡುಗೆಯವರನ್ನೂ ಅಟೆಂಡರುಗಳನ್ನೂ ಕೂರಿಸಿದರು. ತಮಟೆಯ ಕೊನೆಯನ್ನು ನಾನು ಮನಸ್ಸಿಟ್ಟು ಮಾಡಿಸಿದೆ. ಎಲ್ಲರೂ ತಲೆದೂಗಿದರು, ಆದರೆ ನೀರುಗಂಟಿಯ ಮಾತು ಮುಳುಗಿಹೋಯಿತು. ಮರುದಿನ ನನ್ನ ಕೊನೆ ಮಾಡಿಸುತ್ತಿದ್ದ ಗೆಳೆಯ ನಡುವೆಯೇ ತಾಲೀಮು ನಿಲ್ಲಿಸಿದ. “ರೈಟ್, ರೈಟ್” ಎಂದು ಬಸ್ಸಿನ ತಗಡು ಬಡಿಯುವ ಕಂಡಕ್ಟರನ ಕೈಯಲ್ಲಿ ಅವನಿಗೆ ತಾಳ ಕೇಳಿಸಿತ್ತು! ಆ ಬಡಿತವನ್ನೇ ಹಿಡಿದು ತಮಟೆ ಮೆಲ್ಲಗೆ ಎದ್ದಿತು, ಹಾಡು ಬಿದ್ದುಹೋಯಿತು. ಅಂಥ ಕೊನೆ ನಮ್ಮಿಬ್ಬರಲ್ಲಿ ಒಬ್ಬನಿಗೇ ಹೊಳೆಯುತ್ತಿರಲಿಲ್ಲ.

ಅಂತರಕಾಲೇಜು ಸ್ಪರ್ಧೆ ನಡೆದದ್ದು ರವೀಂದ್ರ ಕಲಾಕ್ಷೇತ್ರದಲ್ಲಿ. 1963ರಲ್ಲಿ ಶುರುವಾದ ಆ ರಂಗಮಂದಿರದ ವೇದಿಕೆ ಹತ್ತುವುದೇ ನಮಗೆ ದೊಡ್ಡ ಗೌರವ. ಕೆರೆ ಮುಚ್ಚುವ ಆದೇಶಕ್ಕೆ ಸಹಿ ಹಾಕುವ ಅಧಿಕಾರಿಗೆ ಗತ್ತಿನ ಕುರ್ಚಿ ಬೇಕಿತ್ತು. ಹಿಂದಿನ ರಾತ್ರಿ ಪ್ರಿನ್ಸಿಪಾಲರ ತೇಗದ ಕುರ್ಚಿಯನ್ನು ಕಾಂಪೌಂಡ್ ದಾಟಿಸಿ ಗೂಡ್ಸ್ ಆಟೋದಲ್ಲಿ ಜೆ.ಸಿ. ರಸ್ತೆಗೆ ಸಾಗಿಸಿದೆವು. ಅವರು ಮೊದಲ ಸಾಲಿನಲ್ಲೇ ಕೂತು ನಾಟಕ ನೋಡಿದರು. ಪರದೆ ಬಿದ್ದ ಮೇಲೆ ನೇರ ವೇದಿಕೆಗೆ ಬಂದು, ಅದೇ ಕುರ್ಚಿಯಲ್ಲಿ ಕೂತು ನಮ್ಮೊಂದಿಗೆ ಫೋಟೋ ತೆಗೆಸಿಕೊಂಡು, “ನಾಳೆ ಒಂಬತ್ತಕ್ಕೆ ಇದು ನನ್ನ ಕೋಣೆಯಲ್ಲಿರಬೇಕು” ಎಂದಷ್ಟೇ ಹೇಳಿ ಹೋದರು. ನಾಟಕ, ನಿರ್ದೇಶನ, ಸಂಗೀತ, ಮೂರೂ ಬಹುಮಾನ ನಮಗೇ ಬಂದವು.

ಅಂದಿನಿಂದ ಇಂದಿನವರೆಗೆ ನಾನು ಆಡಿಸಿದ ನಾಟಕಗಳಿಗೆಲ್ಲ ಸಂಗೀತ ಆ ಗೆಳೆಯನದೇ. 2004ರಲ್ಲಿ ಶುರುವಾದ ರಂಗಶಂಕರ ರಂಗಮಂದಿರದಲ್ಲೂ ನಮ್ಮ ಜೋಡಿಯನ್ನು ಜನ ಮೆಚ್ಚಿದ್ದಾರೆ ಎಂದು ಹೇಳಿಕೊಳ್ಳಲು ನನಗೆ ಹೆಮ್ಮೆ. ಪ್ರತಿ ನಾಟಕಕ್ಕೂ ಜಗಳ ಇದ್ದೇ ಇದೆ. ಆಗೆಲ್ಲ ಒಬ್ಬರದನ್ನೊಬ್ಬರು ಮಾಡಿಸಿ ನೋಡುತ್ತೇವೆ. ಈ ವಯಸ್ಸಿನಲ್ಲೂ ತಾಲೀಮಿಗೆ ಓಡಿಹೋಗುವ ಹುಮ್ಮಸ್ಸು ಉಳಿದಿರುವುದು ಅದರಿಂದಲೇ.

ಮೊನ್ನೆ ಕಾಲೇಜಿನ ಉತ್ಸವಕ್ಕೆ ಬಂದಿದ್ದೆ. ಲೈಟು, ಸೌಂಡು, ಉಡುಪು ಎಲ್ಲವೂ ಕಂಟ್ರಾಕ್ಟಿನವರದು. ಮಕ್ಕಳು ಪ್ರತಿಭಾವಂತರು, ಆದರೆ ಸೆಮಿಸ್ಟರಿನ ಅವಸರದಲ್ಲಿ ಕೂತು ಜಗಳವಾಡಲೂ ಅವರಿಗೆ ಪುರುಸೊತ್ತಿಲ್ಲ. ಮನಸ್ತಾಪ ಬಂದರೆ ವಾಟ್ಸಾಪ್ ಗುಂಪು ಬಿಟ್ಟು ಹೊರಡುತ್ತಾರೆ. ನೋಡಿ ಸಂಕಟವಾಯಿತು.

ಆಡಳಿತ ಮಂಡಳಿಯಲ್ಲಿ ನನ್ನದೊಂದು ಕೋರಿಕೆ. ಹಳೆಯ ಸಭಾಂಗಣದ ಹಿಂದಿನ ಕೋಣೆಯನ್ನು ಶನಿವಾರ ಮಧ್ಯಾಹ್ನ ನಾಟಕಕ್ಕೆ ಬಿಟ್ಟುಕೊಡಿ. ನಾನೂ ನನ್ನ ಗೆಳೆಯನೂ ಬಂದು ತಾಲೀಮು ನಡೆಸುತ್ತೇವೆ, ಬಿಡಿಗಾಸೂ ಬೇಡ.