ಎರಡೂ ತುದಿ ಕರಾವಳಿಯಲ್ಲಿರುವ ಏರ್‌ಪೋರ್ಟ್ ಬುಕಿಂಗ್: ಟ್ರಾವೆಲ್ಸ್ ಕಚೇರಿಯ ಅನುಭವ

ದಾವಣಗೆರೆಗೆ ವಿಮಾನ ನಿಲ್ದಾಣವಿಲ್ಲದ ಕಾರಣ ಇಲ್ಲಿಯವರು ಹುಬ್ಬಳ್ಳಿಗೋ ಶಿವಮೊಗ್ಗಕ್ಕೋ ಬೆಂಗಳೂರಿಗೋ ಗಾಡಿ ಮಾಡಿಕೊಂಡು ಹೋಗಿ ವಿಮಾನ ಹತ್ತುವುದು ರೂಢಿ. ಪಿ.ಬಿ. ರಸ್ತೆಯ ಟ್ರಾವೆಲ್ಸ್ ಕಚೇರಿಯೊಂದರಲ್ಲಿ ಬುಕಿಂಗ್ ನೋಡಿಕೊಳ್ಳುವ ನನಗೆ ಅಂಥ ಕೆಲಸದಲ್ಲಿ ಹೆಚ್ಚಿನ ತಲೆನೋವಿಲ್ಲ. ಗಾಡಿ ನಮ್ಮದು, ಡ್ರೈವರ್ ಪರಿಚಯದವನು, ಗ್ರಾಹಕರ ಮನೆ ವಿದ್ಯಾನಗರದಲ್ಲಿದೆಯೋ ಎಂಸಿಸಿ ‘ಬಿ’ ಬ್ಲಾಕ್‌ನಲ್ಲಿದೆಯೋ ಎಂಬುದನ್ನು ಒಂದು ಮಾತಿನಲ್ಲಿ ಹೇಳಿದರೆ ಸಾಕು. ತಲೆನೋವು ಶುರುವಾಗುವುದು ಹೊರಡುವ ಊರೂ ತಲುಪುವ ಊರೂ ಕರಾವಳಿಯಲ್ಲಿಯೇ ಇರುವ ಬುಕಿಂಗ್ ಬಂದಾಗ. ಮಗ ದುಬೈಯಿಂದಲೋ ಮಸ್ಕತ್‌ನಿಂದಲೋ ಸಂಸಾರ ಸಮೇತ ಮಂಗಳೂರಿಗೆ ಬಂದಿಳಿಯುತ್ತಾನೆ, ಮಣಿಪಾಲದಲ್ಲಿ ಓದುತ್ತಿರುವ ತಂಗಿಯನ್ನು ಕರೆದುಕೊಂಡು ಗೋಕರ್ಣಕ್ಕೆ ಹೋಗುತ್ತಾನೆ, ಎರಡು ದಿನ ಬಿಟ್ಟು ಗೋವಾಕ್ಕೆ ಹೋಗಿ ಅಲ್ಲಿಂದ ವಿಮಾನ ಹತ್ತುತ್ತಾನೆ. ಗಾಡಿ ಕೇಳುವವರು ಮತ್ತು ದುಡ್ಡು ಕೊಡುವವರು ಮಾತ್ರ ದಾವಣಗೆರೆಯಲ್ಲಿರುವ ತಂದೆ. ಆ ಗಾಡಿಯನ್ನು ನಾನು ನೋಡಿರುವುದಿಲ್ಲ, ಡ್ರೈವರ್‌ನ ಮುಖ ಕಂಡಿರುವುದಿಲ್ಲ, ಪ್ರಯಾಣ ಮಾಡುವವರೊಡನೆ ಮಾತೂ ಆಡಿರುವುದಿಲ್ಲ. ಇಂಥ ಬುಕಿಂಗ್‌ನಲ್ಲಿ ದರದ ಮಾತು ಎತ್ತುವ ಮೊದಲೇ ಎರಡೂ ತುದಿಯ ವಿವರವನ್ನು ಬರವಣಿಗೆಯಲ್ಲಿ ಪಡೆದುಕೊಳ್ಳಬೇಕು ಎಂಬುದನ್ನು ಈ ಕೆಲಸವೇ ನನಗೆ ಕಲಿಸಿದೆ.

ವಿವರವೆಂದರೆ ಮೊದಲನೆಯದಾಗಿ ಯಾವ ವಿಮಾನ ನಿಲ್ದಾಣ ಎಂಬುದು. ಮಂಗಳೂರಿನ ಮಟ್ಟಿಗೆ ಈ ಪ್ರಶ್ನೆಯೇ ಏಳುವುದಿಲ್ಲ, ಇರುವುದು ಬಜಪೆಯದೊಂದೇ. ಗೋವಾದಲ್ಲಿ ಹಾಗಲ್ಲ. ವಾಸ್ಕೋ ಹತ್ತಿರದ ದಾಬೋಳಿ ನಿಲ್ದಾಣ ನೌಕಾಪಡೆಯ ನೆಲೆಯೊಳಗಿದ್ದು ಹಳೆಯದು. ಉತ್ತರ ತುದಿಯ ಪೆಡ್ಣೆ ತಾಲ್ಲೂಕಿನ ಮೋಪಾದಲ್ಲಿ ಕಟ್ಟಿದ ಹೊಸ ನಿಲ್ದಾಣದಿಂದ 2023ರ ಜನವರಿ 5ರಂದು ವಿಮಾನ ಸಂಚಾರ ಆರಂಭವಾಯಿತು. ಅಡಿಕೆ ವ್ಯಾಪಾರದ ಹಿರಿಯರೊಬ್ಬರಿಗೆ ಇದನ್ನು ಕೇಳಿದಾಗ ಅವರು ರೇಗಿಯೇಬಿಟ್ಟರು: “ಗೋವಾ ಅಂದ್ರೆ ಗೋವಾ ಕಣಪ್ಪಾ, ಅದರಾಗೆ ಎರಡು ಎಲ್ಲಿಂದ ಬಂದ್ವು? ಗಾಡಿ ಕಳಿಸು ಸಾಕು.” ನಾನು “ಯಜಮಾನ್ರೇ, ನಿಮ್ಮ ಮಗನ ಟಿಕೆಟ್ ಒಂದು ಸಲ ವಾಟ್ಸಾಪ್ ಮಾಡಿಸ್ರಿ” ಎಂದಷ್ಟೇ ಹೇಳಿದೆ. ಟಿಕೆಟ್‌ನಲ್ಲಿ ಊರಿನ ಹೆಸರಿನ ಪಕ್ಕದಲ್ಲಿ ಜಿಒಐ ಎಂದಿದ್ದರೆ ದಾಬೋಳಿ, ಜಿಒಎಕ್ಸ್ ಎಂದಿದ್ದರೆ ಮೋಪಾ. ಅವರದು ಜಿಒಎಕ್ಸ್ ಆಗಿತ್ತು. ದಕ್ಷಿಣದಿಂದ, ಅಂದರೆ ಕಾರವಾರದ ಕಡೆಯಿಂದ ಹೋಗುವ ಗಾಡಿಗೆ ದಾಬೋಳಿ ಮಡಗಾಂವ್ ದಾಟಿದ ಮೇಲೆ ಹತ್ತಿರವೇ ಸಿಗುತ್ತದೆ. ಮೋಪಾಕ್ಕೆ ಹೋಗಬೇಕಾದರೆ ಜುವಾರಿ, ಮಾಂಡೋವಿ ಎರಡೂ ನದಿಗಳನ್ನು ದಾಟಿ ಪಣಜಿಯ ಆಚೆಗೂ ಸಾಗಬೇಕಾದ್ದರಿಂದ ಒಂದು ಗಂಟೆಗೂ ಹೆಚ್ಚು ಹೊತ್ತು ಸೇರುತ್ತದೆ. ದರವೂ ಬದಲಾಗುತ್ತದೆ, ಗೋಕರ್ಣದಿಂದ ಬೆಳಿಗ್ಗೆ ಹೊರಡುವ ಸಮಯವೂ ಬದಲಾಗುತ್ತದೆ. ಆ ದಿನದಿಂದ ಟಿಕೆಟ್‌ನ ಪ್ರತಿ ಕೈಗೆ ಬಾರದೆ ಗೋವಾ ಬುಕಿಂಗ್‌ಗೆ ದರ ಹೇಳುವುದನ್ನು ನಾವು ಬಿಟ್ಟಿದ್ದೇವೆ.

ಎರಡನೆಯ ತೊಡಕು ನಡುರಾತ್ರಿಯ ವಿಮಾನಗಳದು. ಕೊಲ್ಲಿ ದೇಶಗಳಿಂದ ಬರುವ ವಿಮಾನ ರಾತ್ರಿ 12:40ಕ್ಕೆ ಇಳಿಯುತ್ತದೆ ಎಂದಿಟ್ಟುಕೊಳ್ಳಿ. ಮನೆಯವರ ಲೆಕ್ಕದಲ್ಲಿ ಅದು ಮಂಗಳವಾರ ರಾತ್ರಿ, ಟಿಕೆಟ್‌ನ ಲೆಕ್ಕದಲ್ಲಿ ಬುಧವಾರ. “ಬುಧವಾರ ರಾತ್ರಿ ಪಿಕಪ್” ಎಂದು ಫೋನಿನಲ್ಲಿ ಹೇಳಿದರೆ ಮಂಗಳೂರಿನ ಡ್ರೈವರ್ ಒಂದು ದಿನ ತಡವಾಗಿ ಹೋಗಿ ನಿಲ್ಲುವುದು ಖಂಡಿತ, ಅದರಲ್ಲಿ ಅವನ ತಪ್ಪೂ ಇರುವುದಿಲ್ಲ. ಆದ್ದರಿಂದ ನಾವು ಕಳಿಸುವ ಟ್ರಿಪ್ ಶೀಟ್‌ನಲ್ಲಿ ದಿನಾಂಕ ಬರೆದ ಮೇಲೂ “ಮಂಗಳವಾರ ರಾತ್ರಿ ಊಟ ಮಾಡಿ ಹೊರಡಬೇಕು” ಎಂದು ಇನ್ನೊಂದು ಸಾಲು ಸೇರಿಸುತ್ತೇವೆ. ಓದುವವರಿಗೆ ಇದು ಬಾಲಿಶವೆನಿಸಬಹುದು, ಡ್ರೈವರ್‌ಗಳಿಗೆ ಮಾತ್ರ ಇದಕ್ಕಿಂತ ಸ್ಪಷ್ಟವಾದ ಸೂಚನೆ ಬೇರೆ ಇಲ್ಲ. ಟಿಕೆಟ್‌ನಲ್ಲಿ ಹೊರಡುವ ಸಮಯ ಅಲ್ಲಿಯದು, ಇಳಿಯುವ ಸಮಯ ಇಲ್ಲಿಯದು ಎಂಬುದನ್ನೂ ತಂದೆತಾಯಂದಿರಿಗೆ ಬಿಡಿಸಿ ಹೇಳಬೇಕಾಗುತ್ತದೆ, ಏಕೆಂದರೆ ದುಬೈ ನಮಗಿಂತ ಒಂದೂವರೆ ಗಂಟೆ ಹಿಂದಿರುವುದನ್ನು ಲೆಕ್ಕ ಹಾಕಿ ಅವರೇ ಸಮಯವನ್ನು ಇನ್ನೊಮ್ಮೆ ತಿದ್ದಿಬಿಟ್ಟಿರುತ್ತಾರೆ.

ಇನ್ನು ದರ. ಮಂಗಳೂರಿನ ಗಾಡಿ ಗೋವಾಕ್ಕೆ ಡ್ರಾಪ್ ಮಾಡಿದರೆ ಬರುವಾಗ ಖಾಲಿ ಬರಬೇಕು. ಗೋವಾದಲ್ಲಿ ಸ್ಥಳೀಯ ಟ್ಯಾಕ್ಸಿಯವರ ಸಂಘಟನೆ ಬಲವಾಗಿದೆ. ದೊಡ್ಡ ಆ್ಯಪ್ ಕಂಪನಿಗಳಿಗೇ ಅಲ್ಲಿ ಬೇರೂರಲು ಆಗಿಲ್ಲ, ಹೀಗಿರುವಾಗ ಹೊರ ರಾಜ್ಯದ ಗಾಡಿ ಅಲ್ಲಿಯ ನಿಲ್ದಾಣದ ಮುಂದೆ ನಿಂತು ಪ್ರಯಾಣಿಕರನ್ನು ಹತ್ತಿಸಿಕೊಂಡರೆ ಜಗಳ ತಪ್ಪುವುದಿಲ್ಲ. ಅದಕ್ಕಾಗಿಯೇ ಕರಾವಳಿಯ ವೆಂಡರ್‌ಗಳು, ಅಂದರೆ ಅಲ್ಲಿ ನಮಗೆ ಗಾಡಿ ಮತ್ತು ಡ್ರೈವರ್ ಒದಗಿಸುವವರು, ಒಂದು ಕಡೆಯ ಪ್ರಯಾಣಕ್ಕೂ ಹೋಗಿಬರುವ ಕಿಲೋಮೀಟರ್ ಲೆಕ್ಕ ಹಾಕುತ್ತಾರೆ, ಅದರ ಮೇಲೆ ಡ್ರೈವರ್ ಬಾಟಾ, ಟೋಲ್, ಪಾರ್ಕಿಂಗ್ ಸೇರಿಸುತ್ತಾರೆ. ಗ್ರಾಹಕರಿಗೆ ಇದು ಅನ್ಯಾಯವಾಗಿ ಕಾಣುವುದು ಸಹಜ. ಆದರೆ ಯಾರಾದರೂ ಅರ್ಧ ದರಕ್ಕೆ ಒಪ್ಪಿಕೊಂಡರೆ ಅದು ಬಹುಮಟ್ಟಿಗೆ ರಿಟರ್ನ್ ಗಾಡಿಯೇ ಆಗಿರುತ್ತದೆ, ಅಂದರೆ ಬೇರೆ ಯಾರನ್ನೋ ಇಳಿಸಿ ವಾಪಸ್ ಹೋಗುವ ದಾರಿಯಲ್ಲಿ ನಿಮ್ಮನ್ನು ಹತ್ತಿಸಿಕೊಳ್ಳುವ ಗಾಡಿ. ನಿಮ್ಮ ಸಮಯ ಆಗ ಆ ಮೊದಲ ಪ್ರಯಾಣಿಕರ ಕೈಯಲ್ಲಿರುತ್ತದೆ. ನಮ್ಮ ಗ್ರಾಹಕರೊಬ್ಬರು ಹೀಗೆ ಅಗ್ಗದ ಗಾಡಿಯನ್ನು ತಾವೇ ಹೊರಗೆ ಗೊತ್ತು ಮಾಡಿಕೊಂಡಿದ್ದರು. ಗೋವಾದಿಂದ ಮಂಗಳೂರಿಗೆ ಬರುತ್ತಿದ್ದ ಮೊದಲ ಪ್ರಯಾಣಿಕರು ದಾರಿಯಲ್ಲಿ ಮುರುಡೇಶ್ವರ ನೋಡಲು ಇಳಿದರಂತೆ, ಇತ್ತ ಇವರ ಮಗಳು ಮೊಮ್ಮಗುವನ್ನು ಹೆಗಲಿಗೆ ಹಾಕಿಕೊಂಡು ಬಜಪೆಯಲ್ಲಿ ಬೆಳಗಿನ ತನಕ ಕಾಯ್ದಳು. ಹಗಲಿನ ಪ್ರಯಾಣ, ಒಬ್ಬಿಬ್ಬರೇ ಇರುವವರು, ಮುಂದೆ ಆತುರವಿಲ್ಲ ಎಂಬಂಥ ಕಡೆ ರಿಟರ್ನ್ ಗಾಡಿಯನ್ನು ನಾನೂ ಸಂತೋಷದಿಂದ ಮಾಡಿಕೊಡುತ್ತೇನೆ. ರಾತ್ರಿ ಇಳಿಯುವವರಿಗೆ, ವಿಮಾನ ಹಿಡಿಯಬೇಕಾದವರಿಗೆ ಅದನ್ನು ಕೊಡುವುದಿಲ್ಲ, ಎಷ್ಟೇ ಒತ್ತಾಯ ಮಾಡಿದರೂ.

ವೈಟ್ ಬೋರ್ಡ್ ಗಾಡಿಯ ವಿಷಯ ಚುಟುಕಾಗಿ ಹೇಳಿಬಿಡುತ್ತೇನೆ. ಬಾಡಿಗೆಗೆ ಓಡಿಸುವ ಗಾಡಿಗೆ ಹಳದಿ ಬೋರ್ಡ್ ಮತ್ತು ಪರ್ಮಿಟ್ ಕಡ್ಡಾಯ. ಸ್ವಂತ ಬಳಕೆಯ ಗಾಡಿಯಲ್ಲಿ ಬಾಡಿಗೆ ಪ್ರಯಾಣ ಮಾಡಿ ಅಪಘಾತವಾದರೆ ವಿಮೆಯ ಪರಿಹಾರಕ್ಕೆ ಅಲೆಯಬೇಕಾಗುತ್ತದೆ. ಗೋವಾಕ್ಕೋ ಕೇರಳಕ್ಕೋ ಗಡಿ ದಾಟುವುದಾದರೆ ಆಲ್ ಇಂಡಿಯಾ ಪರ್ಮಿಟ್ ಇದೆಯೇ ಎಂದು ವೆಂಡರ್‌ನ ಹತ್ತಿರ ಕೇಳಿ, ಗಾಡಿಯ ನಂಬರ್ ಪ್ಲೇಟ್ ಕಾಣುವಂಥ ಫೋಟೊವನ್ನೂ ತರಿಸಿಕೊಳ್ಳುತ್ತೇವೆ.

ಫೋಟೊ ತರಿಸುವಾಗಲೇ ಡಿಕ್ಕಿಯನ್ನೂ ತೆರೆದು ಒಂದು ಚಿತ್ರ ತೆಗೆದು ಕಳಿಸಲು ಹೇಳುತ್ತೇನೆ. ಇದಕ್ಕೆ ಕಾರಣವಿದೆ. ಈಗ ಟ್ಯಾಕ್ಸಿಯಾಗಿ ಓಡುವ ಸಣ್ಣ ಗಾಡಿಗಳಲ್ಲಿ ಬಹಳಷ್ಟು ಸಿಎನ್‌ಜಿಯವು, ಸಿಲಿಂಡರ್ ಡಿಕ್ಕಿಯ ಒಳಗೇ ಅಡ್ಡಲಾಗಿ ಕೂತಿರುತ್ತದೆ. ಅದರ ಮುಂದೆ ಉಳಿಯುವ ಸಂದಿಯಲ್ಲಿ ಕೈಚೀಲಗಳನ್ನು ಇಡಬಹುದೇ ಹೊರತು ವಿದೇಶದಿಂದ ಬರುವವರ ದೊಡ್ಡ ಸೂಟ್‌ಕೇಸ್ ಒಂದನ್ನೂ ಮಲಗಿಸಲಾಗುವುದಿಲ್ಲ. ಏಳು ಸೀಟಿನ ಗಾಡಿಯಲ್ಲಿ ಆರು ಜನ ಕೂತರೆ ಕೊನೆಯ ಸಾಲಿನ ಹಿಂದೆ ಉಳಿಯುವುದು ಒಂದು ಗೇಣು ಜಾಗ. ಆದರೂ ಬುಕಿಂಗ್ ಮಾಡುವವರು ಜನರ ಸಂಖ್ಯೆಯನ್ನು ಹೇಳುತ್ತಾರೆಯೇ ಹೊರತು ಸಾಮಾನಿನ ಸುದ್ದಿ ಎತ್ತುವುದಿಲ್ಲ. ನಾವೇ ಕೇಳಬೇಕು: ದೊಡ್ಡ ಬ್ಯಾಗ್ ಎಷ್ಟು, ಟಿವಿಯ ಪೆಟ್ಟಿಗೆ ಇದೆಯೇ, ಮಗುವಿನ ತಳ್ಳುಗಾಡಿ ಇದೆಯೇ. ನಾಲ್ಕು ಜನ ಮತ್ತು ನಾಲ್ಕು ದೊಡ್ಡ ಬ್ಯಾಗ್ ಎಂದರೆ ಇನೋವಾಗಿಂತ ಕಡಿಮೆಯ ಗಾಡಿಯನ್ನು ನಾನು ಸೂಚಿಸುವುದಿಲ್ಲ. ಮೇಲೆ ಕ್ಯಾರಿಯರ್ ಇದೆ ಎಂದು ಸಮಾಧಾನ ಹೇಳುವ ವೆಂಡರ್‌ಗೆ, ಆಷಾಢದ ಮಳೆಯಲ್ಲಿ ಟಾರ್ಪಾಲ್ ಮತ್ತು ಹಗ್ಗವೂ ಇದೆಯೇ ಎಂದು ಕೇಳಿದರೆ ಉತ್ತರ ಬರುವುದಿಲ್ಲ.

ಮನೆ ಬಾಗಿಲಿಗೆ ಬಿಡುವುದಾಗಿ ಹೇಳಿ ದುಡ್ಡು ಪಡೆದ ಮೇಲೆ ಬಾಗಿಲಿನ ತನಕ ಗಾಡಿ ಹೋಗುತ್ತದೆಯೇ ಎಂಬುದನ್ನೂ ನಾವೇ ತಿಳಿದುಕೊಳ್ಳಬೇಕಾಗುತ್ತದೆ. ಬಯಲುಸೀಮೆಯ ನಮಗೆ ರಸ್ತೆ ಇದ್ದಲ್ಲಿ ಗಾಡಿ ಹೋಗುತ್ತದೆ ಎಂಬ ನಂಬಿಕೆ. ಕರಾವಳಿಯ ನೆಲ ಬೇರೆ ರೀತಿಯದು. ಗೋಕರ್ಣದ ಕುಡ್ಲೆ ಕಡಲತೀರದ ವಸತಿಗೃಹಗಳಿಗೆ ಗಾಡಿಯಿಂದ ಇಳಿದು ಮೆಟ್ಟಿಲು ಇಳಿದು ನಡೆಯಬೇಕು. ಮಹಾಬಲೇಶ್ವರ ದೇವಸ್ಥಾನದ ಸುತ್ತಲಿನ ಬೀದಿಗಳು ಇಕ್ಕಟ್ಟು, ಹಬ್ಬದ ದಿನ ಗಾಡಿಯನ್ನು ದೂರದಲ್ಲಿಯೇ ತಡೆಯುತ್ತಾರೆ. ಮಂಗಳೂರಿನ ಒಳ ಓಣಿಗಳಲ್ಲಿ ಏರು ಎಷ್ಟು ಕಡಿದೆಂದರೆ ಟೆಂಪೊ ಟ್ರಾವೆಲರ್ ತಿರುಗಿಸಲು ಆಗದೆ ಹಿಂದಕ್ಕೇ ಬರಬೇಕಾಗುತ್ತದೆ. ಮಂಡಿನೋವಿನ ಅಜ್ಜಿಯೊಬ್ಬರು ಜೊತೆಯಲ್ಲಿದ್ದರೆ ಈ ನಡಿಗೆಯೇ ಇಡೀ ಪ್ರಯಾಣದ ದೊಡ್ಡ ಸಂಕಟ. ಹಾಗಾಗಿ ಲಾಡ್ಜ್‌ನ ಹೆಸರು ಬಂದ ಕೂಡಲೇ ನಾನು ಅಲ್ಲಿಗೇ ಫೋನ್ ಮಾಡಿ, ಗಾಡಿ ಎಲ್ಲಿಯ ತನಕ ಬರುತ್ತದೆ, ಅಲ್ಲಿಂದ ಎಷ್ಟು ಮೆಟ್ಟಿಲು, ಸಾಮಾನು ಹೊರಲು ಹುಡುಗರು ಸಿಗುತ್ತಾರೆಯೇ ಎಂದು ವಿಚಾರಿಸಿ ಬರೆದಿಡುತ್ತೇನೆ. ಲೊಕೇಶನ್ ಕಳಿಸಿದ್ದೇವಲ್ಲ ಎಂದು ಗ್ರಾಹಕರು ಹೇಳುತ್ತಾರೆ. ಲೊಕೇಶನ್‌ನಲ್ಲಿ ಮೆಟ್ಟಿಲು ಕಾಣಿಸುವುದಿಲ್ಲ.

ದಾರಿಯ ಸಮಯವನ್ನು ಮೊಬೈಲ್ ನಕ್ಷೆ ತೋರಿಸಿದಂತೆ ಒಪ್ಪಿಕೊಳ್ಳುವುದೂ ಸರಿಯಲ್ಲ. ಮಂಗಳೂರಿನಿಂದ ಉಡುಪಿ, ಕುಂದಾಪುರ, ಭಟ್ಕಳ, ಹೊನ್ನಾವರ, ಕುಮಟಾ, ಅಂಕೋಲಾ, ಕಾರವಾರ ಹಾದು ಗೋವಾಕ್ಕೆ ಹೋಗುವುದು ರಾಷ್ಟ್ರೀಯ ಹೆದ್ದಾರಿ 66 ಒಂದೇ. ಅದು ಕಟ್ಟಿಕೊಂಡರೆ ಘಟ್ಟ ಹತ್ತಿ ಸುತ್ತಿ ಇಳಿಯಬೇಕು. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಹಲವು ದಿನ ಮುಚ್ಚಿತ್ತು; ಅದರ ಬೆನ್ನಿಗೇ ಆಗಸ್ಟ್ 7ರ ನಡುರಾತ್ರಿ ಕಾರವಾರ ಮತ್ತು ಸದಾಶಿವಗಡದ ನಡುವೆ ಕಾಳಿ ನದಿಯ ಹಳೆಯ ಸೇತುವೆ ಕುಸಿದುಬಿದ್ದು, ಎರಡೂ ಕಡೆಯ ವಾಹನಗಳು ಪಕ್ಕದ ಹೊಸ ಸೇತುವೆಯೊಂದರ ಮೇಲೆಯೇ ಓಡಾಡುವಂತಾಯಿತು. ಆ ಮಳೆಗಾಲದಲ್ಲಿ ದಿನ ಬೆಳಗಾದರೆ ನಮಗೆ ಬರುತ್ತಿದ್ದ ಫೋನು ಶಿರೂರಿನ ಬಗ್ಗೆಯೇ. ಅದರಲ್ಲಿಯೂ ಒಂದು ಗೊಂದಲವಿತ್ತು: ಉಡುಪಿ ಜಿಲ್ಲೆಯ ಬೈಂದೂರು ತಾಲ್ಲೂಕಿನಲ್ಲಿ ಟೋಲ್ ಗೇಟ್ ಇರುವ ಇನ್ನೊಂದು ಶಿರೂರು ಅದೇ ಹೆದ್ದಾರಿಯಲ್ಲಿದೆ, “ಶಿರೂರು ದಾಟಿದೆ” ಎಂದು ಡ್ರೈವರ್ ಹೇಳಿದ್ದನ್ನು ಕೇಳಿ ಇಲ್ಲಿಯ ಮನೆಯವರು ಅಪಾಯ ಕಳೆಯಿತು ಎಂದು ದೇವರಿಗೆ ಕೈಮುಗಿದುಬಿಡುತ್ತಿದ್ದರು. ಜೂನ್‌ನಿಂದ ಸೆಪ್ಟೆಂಬರ್ ತನಕ ಗೋವಾದ ವಿಮಾನ ಹಿಡಿಯುವವರಿಗೆ ಹಿಂದಿನ ದಿನವೇ ಕಾರವಾರ ದಾಟಿ ಮಲಗಿ ಎಂದು ಹೇಳುವುದು ನಮ್ಮ ಪದ್ಧತಿ. ಬಹುತೇಕರು ಒಂದು ದಿನದ ಲಾಡ್ಜ್ ಖರ್ಚಿಗೆ ಹಿಂದೇಟು ಹಾಕುತ್ತಾರೆ, ತಪ್ಪಿಹೋದ ಟಿಕೆಟ್‌ನ ಬೆಲೆ ಹೇಳಿದ ಮೇಲೆ ಒಪ್ಪುತ್ತಾರೆ. ಗೋವಾದಿಂದ ವಾಪಸ್ ಬರುವಾಗ ಮಾಜಾಳಿಯ ಚೆಕ್‌ಪೋಸ್ಟ್‌ನಲ್ಲಿ ಮದ್ಯಕ್ಕಾಗಿ ಬ್ಯಾಗ್ ತೆರೆಸಿ ನೋಡುವುದುಂಟು, ಆ ಹೊತ್ತನ್ನೂ ಲೆಕ್ಕದಲ್ಲಿ ಇಟ್ಟಿರಬೇಕು.

ಮಂಗಳೂರಿನ ನಿಲ್ದಾಣ ಗುಡ್ಡದ ನೆತ್ತಿಯ ಮೇಲಿದೆ. ಮಳೆಗಾಲದಲ್ಲಿ ಮೋಡ ಕವಿದು ರನ್‌ವೇ ಕಾಣದಾದಾಗ ವಿಮಾನವನ್ನು ಬೆಂಗಳೂರಿಗೋ ಕಣ್ಣೂರಿಗೋ ಕೊಚ್ಚಿಗೋ ತಿರುಗಿಸುತ್ತಾರೆ. ಅಂಥ ಹೊತ್ತಿನಲ್ಲಿ ಬಜಪೆಯಲ್ಲಿ ನಿಂತ ಗಾಡಿಯ ಕಾಯುವ ಬಾಡಿಗೆ ಯಾರದು, ಕಣ್ಣೂರಿಗೆ ಬಾ ಎಂದರೆ ಡ್ರೈವರ್ ಹೋಗುತ್ತಾನೆಯೇ, ಹೋದರೆ ಕಿಲೋಮೀಟರ್‌ಗೆ ಎಷ್ಟು ಎಂಬುದನ್ನು ಮುಂಗಡ ಪಡೆಯುವ ಮೊದಲೇ ಬರೆದುಕೊಳ್ಳದಿದ್ದರೆ ನಡುರಾತ್ರಿಯಲ್ಲಿ ಮೂರು ಊರಿನ ನಡುವೆ ವಾಗ್ವಾದ ನಡೆಯುತ್ತದೆ. ವಿಮಾನ ಇಳಿದ ಹೊತ್ತಿನಿಂದ ಇಂತಿಷ್ಟು ಸಮಯ ಉಚಿತವಾಗಿ ಕಾಯುವುದು, ಆಮೇಲೆ ಗಂಟೆಗೆ ಇಷ್ಟು ಎಂಬ ಒಪ್ಪಂದವೇ ನ್ಯಾಯವಾದದ್ದು ಎಂದು ನನ್ನ ಅಭಿಪ್ರಾಯ. ಟಿಕೆಟ್‌ನಲ್ಲಿರುವ ಸಮಯದಿಂದ ಲೆಕ್ಕ ಹಾಕುವ ವೆಂಡರ್‌ಗಳ ಜೊತೆ ನಾವು ವ್ಯವಹಾರ ಇಟ್ಟುಕೊಂಡಿಲ್ಲ. ವಿಮಾನದ ನಂಬರ್ ಕೊಟ್ಟರೆ ತಡವಾಗಿರುವುದು ಡ್ರೈವರ್‌ನ ಮೊಬೈಲ್‌ನಲ್ಲಿಯೇ ಕಾಣುವಾಗ, ಪ್ರಯಾಣಿಕರನ್ನು ಅದಕ್ಕೆ ಹೊಣೆ ಮಾಡುವುದರಲ್ಲಿ ಅರ್ಥವಿಲ್ಲ.

ಇಳಿದವರು ಮತ್ತು ಡ್ರೈವರ್ ಒಬ್ಬರನ್ನೊಬ್ಬರು ಹುಡುಕಿಕೊಳ್ಳುವ ಬಗೆಯನ್ನು ಹಿಂದಿನ ಸಂಜೆಯೇ ಇತ್ಯರ್ಥ ಮಾಡಿರಬೇಕು. ಹೊರದೇಶದ ಸಿಮ್ ಇಟ್ಟುಕೊಂಡು ಬಂದವರಿಗೆ ಡ್ರೈವರ್‌ನ ಕರೆ ಎಷ್ಟೋ ಸಲ ಹೋಗುವುದೇ ಇಲ್ಲ. ಆಗ ಡ್ರೈವರ್ ವೆಂಡರ್‌ಗೆ, ವೆಂಡರ್ ನನಗೆ, ನಾನು ದಾವಣಗೆರೆಯ ತಂದೆಗೆ, ಅವರು ಮಗನಿಗೆ ಫೋನ್ ಮಾಡುತ್ತ, ನಿಲ್ದಾಣದ ಬಾಗಿಲಲ್ಲಿ ಹತ್ತು ಹೆಜ್ಜೆ ಅಂತರದಲ್ಲಿ ನಿಂತಿರುವ ಇಬ್ಬರನ್ನು ಸೇರಿಸಲು ನಾಲ್ಕು ಜನ ನಿದ್ದೆಗೆಡುತ್ತೇವೆ. ಈಗ ಪ್ರಯಾಣಿಕರ ಹೆಸರನ್ನು ದೊಡ್ಡ ಅಕ್ಷರದಲ್ಲಿ ಬರೆದ ಬೋರ್ಡ್ ಹಿಡಿದು ಡ್ರೈವರ್ ಹೊರಬಾಗಿಲ ಎದುರೇ ನಿಲ್ಲಬೇಕು, ಗಾಡಿ ಪಾರ್ಕಿಂಗ್‌ನಲ್ಲಿರಲಿ ಎಂದು ಹೇಳುತ್ತೇವೆ. ಪಾರ್ಕಿಂಗ್ ಶುಲ್ಕ ಉಳಿಸಲು ಡ್ರೈವರ್ ಹೊರಗಿನ ರಸ್ತೆಯಲ್ಲಿ ನಿಂತು “ಬಂದ ಮೇಲೆ ಫೋನ್ ಮಾಡಿ” ಎನ್ನುವ ಅಭ್ಯಾಸವನ್ನು ಬಿಡಿಸಲು ಆ ಶುಲ್ಕವನ್ನು ದರದಲ್ಲಿಯೇ ಸೇರಿಸಿದ್ದೇವೆ.

ಬಾಕಿ ಹಣದ ವಿಷಯವೂ ಇದಕ್ಕೇ ಅಂಟಿಕೊಂಡಿದೆ. ಊರಿನವರಾದರೆ ಇಳಿಯುವಾಗ ಡ್ರೈವರ್‌ಗೆ ಯುಪಿಐ ಮಾಡಿ ಮುಗಿಸುತ್ತಾರೆ. ಆಗಷ್ಟೇ ವಿಮಾನ ಇಳಿದವರ ಕೈಯಲ್ಲಿ ನಮ್ಮ ನೋಟೂ ಇರುವುದಿಲ್ಲ, ಯುಪಿಐಯೂ ನಡೆಯುತ್ತಿರುವುದಿಲ್ಲ. ಡ್ರೈವರ್ ಅವರನ್ನು ಎಟಿಎಂನಿಂದ ಎಟಿಎಂಗೆ ಸುತ್ತಿಸಬೇಕಾಗುತ್ತದೆ. ಆದ್ದರಿಂದ ಇಂಥ ಬುಕಿಂಗ್‌ಗಳಲ್ಲಿ ಪೂರ್ತಿ ಬಾಡಿಗೆಯನ್ನು ದಾವಣಗೆರೆಯಲ್ಲಿ ತಂದೆಯವರಿಂದಲೇ ಪಡೆದು, ಡ್ರೈವರ್‌ಗೆ ಪ್ರಯಾಣಿಕರ ಹತ್ತಿರ ಏನನ್ನೂ ಕೇಳಕೂಡದೆಂದು ಟ್ರಿಪ್ ಶೀಟ್‌ನಲ್ಲಿ ಬರೆದು, ವೆಂಡರ್‌ಗೆ ಅರ್ಧ ಮುಂಗಡ ಕಳಿಸಿ, ಉಳಿದರ್ಧವನ್ನು ಪ್ರಯಾಣಿಕರು ತಲುಪಿದೆವೆಂದು ತಿಳಿಸಿದ ಮೇಲೆ, ಟೋಲ್ ರಸೀದಿಯ ಚಿತ್ರಗಳನ್ನು ನೋಡಿ ಪಾವತಿಸುತ್ತೇವೆ.