ಹೌದು, ಆ ಗಾಡಿಯೊಳಗೇ ಸಂಡಾಸವಿತ್ತು

ಯುರೋಪಿನಲ್ಲಿ ಮೋಟಾರ್‌ಹೋಮ್ ಬಾಡಿಗೆಗೆ ಹಿಡಿದು ಮನೆಮಂದಿಯೆಲ್ಲ ತಿರುಗಾಡಿ ಬಂದ ಮೇಲೆ ಬಾಗಲಕೋಟೆಯಲ್ಲಿ ನನಗೆ ಎದುರಾಗುತ್ತಿರುವ ಪ್ರಶ್ನೆ ಒಂದೇ. ನೋಡಿದ ಊರುಗಳ ಬಗ್ಗೆ ಯಾರೂ ಕೇಳುವುದಿಲ್ಲ. ಖರ್ಚಿನ ವಿಚಾರವೂ, ಆಶ್ಚರ್ಯವೆಂದರೆ, ಆಮೇಲೆಯೇ ಬರುತ್ತದೆ. ಮೊದಲು ಅತ್ತಿತ್ತ ನೋಡಿ, ದನಿ ತಗ್ಗಿಸಿ, "ಗಾಡ್ಯಾಗ ಸಂಡಾಸದ್ದು ಹೆಂಗರೀ?" ಎನ್ನುತ್ತಾರೆ. ನವನಗರದ ಕಾಯಿಪಲ್ಲೆ ಅಂಗಡಿಯ ಮುಂದೆ ಕೇಳಿದ್ದಾರೆ, ಬ್ಯಾಂಕಿನ ಸಾಲಿನಲ್ಲಿ ಕೇಳಿದ್ದಾರೆ, ಸತ್ತವರ ಮನೆಗೆ ಮಾತನಾಡಿಸಲು ಹೋದಲ್ಲಿಯೂ ಕೇಳಿದ್ದಾರೆ. ಬಾಯಿಂದ ಉತ್ತರ ಹೇಳಿ ಹೇಳಿ ನನಗೆ ಸಾಕಾಗಿದೆ. ಇನ್ನು ಮುಂದೆ ಕೇಳಿದವರಿಗೆ ಇದನ್ನೇ ಕಳುಹಿಸುತ್ತೇನೆ. ದಯವಿಟ್ಟು ಊಟ ಮಾಡುತ್ತ ಓದಬೇಡಿ.

ಮೋಟಾರ್‌ಹೋಮ್ ಎಂದರೇನೆಂದು ಗೊತ್ತಿಲ್ಲದವರಿಗೆ ಇಷ್ಟು ಸಾಕು: ಬನಶಂಕರಿ ಜಾತ್ರೆಗೆ ಬರುವ ಕೊಲ್ಲಾರಿ ಬಂಡಿಗೆ ಎಂಜಿನ್ನು, ಒಲೆ, ಫ್ರಿಜ್ಜು, ಹಾಸಿಗೆಗಳನ್ನು ಕೂಡಿಸಿದರೆ ಆಗುವ ವಾಹನ ಅದು. ಸ್ಟುಟ್‌ಗಾರ್ಟಿನಲ್ಲಿ ಕೆಲಸಕ್ಕಿರುವ ನನ್ನ ಮೈದುನ ಅದನ್ನು ಗೊತ್ತುಮಾಡಿದ್ದ; ಬ್ಲ್ಯಾಕ್ ಫಾರೆಸ್ಟ್ ದಾಟಿ ಫ್ರಾನ್ಸಿನ ಅಲ್ಸಾಸ್ ಸೀಮೆಗೆ, ಅಲ್ಲಿಂದ ಮತ್ತೆ ಜರ್ಮನಿಗೆ ಬಂದು ಮೊಸೆಲ್ ನದಿಯ ದಂಡೆಗೆ ಹೋದೆವು. ಎಲ್ಲ ಸೇರಿ ತೂಕ 3,500 ಕಿಲೋ ಮೀರದಿದ್ದರೆ ನಾವು ಹೋದಾಗ ಅಲ್ಲಿ ಕಾರಿನ ಲೈಸೆನ್ಸೇ ಸಾಕಾಗುತ್ತಿತ್ತು. ಆದರೆ ಆ ತೂಕದಲ್ಲಿ ಮನುಷ್ಯರೂ ಬರುತ್ತಾರೆ, ತೊಟ್ಟಿಯಲ್ಲಿನ ನೀರೂ ಬರುತ್ತದೆ. 100 ಲೀಟರ್ ತುಂಬಿಸಿದರೆ ಅಲ್ಲಿಗೆ 100 ಕಿಲೋ ಹೋಯಿತು. ನನ್ನ ಅತ್ತೆಯವರು ಕಟ್ಟಿ ಕಳುಹಿಸಿದ ಜೋಳದ ಹಿಟ್ಟಿನ ಚೀಲವನ್ನು ಕಂಡು ಮೈದುನ ತಕ್ಕಡಿಯ ಮಾತೆತ್ತಿದನು. ನೀರು ಕಡಿಮೆ ತುಂಬಿಸು, ಹಿಟ್ಟು ಇಳಿಯುವುದಿಲ್ಲ ಎಂದೆ.

ಈಗ ನಿಮ್ಮ ವಿಷಯಕ್ಕೆ ಬರುತ್ತೇನೆ. ಗಾಡಿಯೊಳಗೆ ಬಾಗಿಲಿರುವ ಒಂದು ಚಿಕ್ಕ ಕೋಣೆ ಇರುತ್ತದೆ. ಅದರಲ್ಲಿನ ಕಮೋಡಿನ ಕೆಳಗೆ ಸುಮಾರು 20 ಲೀಟರ್ ಹಿಡಿಯುವ, ಕ್ಯಾಸೆಟ್ ಎಂದು ಕರೆಯುವ ಪ್ಲಾಸ್ಟಿಕ್ ಪೆಟ್ಟಿಗೆಯೊಂದು ಕೂತಿರುತ್ತದೆ. ಅದರ ಮುಚ್ಚಳ ಬಳಸುವಾಗ ಮಾತ್ರ ಹಿಡಿಕೆ ತಿರುಗಿಸಿದರೆ ತೆರೆಯುತ್ತದೆ, ಆಮೇಲೆ ರಬ್ಬರಿನ ಅಂಚಿಗೆ ಬಿಗಿಯಾಗಿ ಕೂರುತ್ತದೆ. ಒಳಗೆ ಮೊದಲೇ ಹಾಕಿದ ಔಷಧ ವಾಸನೆಯನ್ನು ತಡೆಯುತ್ತದೆ. ಪೆಟ್ಟಿಗೆ ತುಂಬಿತೆಂದರೆ ಕೆಂಪು ಗುರುತು ಕಾಣಿಸುತ್ತದೆ. ಆಗ ಗಾಡಿಯ ಹೊರಮೈಯಲ್ಲಿರುವ ಕೀಲಿಯ ಬಾಗಿಲು ತೆರೆದು ಅದನ್ನು ಹೊರಗಿನಿಂದಲೇ ಎಳೆದುಕೊಳ್ಳಬೇಕು. ಎರಡು ಪುಟ್ಟ ಗಾಲಿಗಳೂ ಒಂದು ಹಿಡಿಕೆಯೂ ಇರುತ್ತವೆ. ಅದನ್ನು ಚೆಲ್ಲಲು ಗೊತ್ತಾದ ಜಾಗವೇ ಇದೆ. ಚರಂಡಿಗೆ, ಹೊಳೆಗೆ, ಗಿಡದ ಬುಡಕ್ಕೆ ಹಾಕುವಂತಿಲ್ಲ. ಪಾತ್ರೆ ತೊಳೆದ ನೀರಿಗೆ ಬೇರೆ ತೊಟ್ಟಿ, ಅದಕ್ಕೆ ಬೇರೆ ಮೋರಿ. ಇಷ್ಟೇ. ಪಿಸುಗುಟ್ಟುವಂಥದ್ದು ಇದರಲ್ಲಿ ಏನೂ ಇಲ್ಲ.

ಆದರೆ ಇಷ್ಟು ಹೇಳಿದರೂ ಕೇಳಿದವರಿಗೆ ಸಮಾಧಾನವಾಗುವುದಿಲ್ಲ. ಅದು ಏಕೆಂದು ನನಗೆ ತಿಳಿದದ್ದು ಜಮಖಂಡಿಯಲ್ಲಿ, ತಂಗಿಯ ಕುಬಸದ ಊಟದ ಪಂಕ್ತಿಯಲ್ಲಿ. ಎದುರು ಕುಳಿತಿದ್ದ ಕಾಕಾ ಎಲ್ಲರಿಗೂ ಕೇಳುವಂತೆ, "ಅಲ್ಲವಾ, ಅಡಿಗಿ ಮಾಡೂ ಗಾಡ್ಯಾಗ ಸಂಡಾಸ ಐತಂತಲ್ಲ, ಹೆಂಗ ಉಂಡ್ರಿ?" ಎಂದರು. ಇವರಾದರೂ ದನಿ ತಗ್ಗಿಸಲಿಲ್ಲವೆಂಬ ಗೌರವದಿಂದ ನಾನು ಕ್ಯಾಸೆಟ್ಟಿನ ಪುರಾಣವನ್ನೆಲ್ಲ ಬಿಡಿಸಿ ಹೇಳಿದೆ. ಒಲೆಗೂ ಆ ಬಾಗಿಲಿಗೂ ಎರಡು ಹೆಜ್ಜೆ ಎಂಬುದನ್ನೂ ಮುಚ್ಚಿಡಲಿಲ್ಲ. ಈಗ ಕಟ್ಟುವ ಮನೆಗಳಲ್ಲಿ ಮಲಗುವ ಕೋಣೆಗೇ ಸಂಡಾಸ ಅಂಟಿಕೊಂಡಿರುತ್ತದಲ್ಲ ಎಂದೆ. ಅವರು ಅದನ್ನು ಕೇಳಿಸಿಕೊಳ್ಳಲೇ ಇಲ್ಲ. "ಅದಿರಲಿ, ಅದನ್ನ ಖಾಲಿ ಮಾಡಾಕ ಆಳು ಬರತಾನೇನು?" ಎಂದರು.

"ಇಲ್ಲ ಕಾಕಾ, ನಿಮ್ಮ ಅಳಿಯಾರ ಒಯ್ದು ಚೆಲ್ಲಿ ಬರತಿದ್ರು. ಕೆಲವು ದಿನ ನಾನೂ."

ಹೋಳಿಗೆ ಬಡಿಸುತ್ತಿದ್ದವಳ ಕೈ ಅಲ್ಲಿಯೇ ನಿಂತಿತು. ನನ್ನ ಗಂಡ ತಲೆ ತಗ್ಗಿಸಿ ಸಾರಿನಲ್ಲಿ ಏನನ್ನೋ ಹುಡುಕತೊಡಗಿದರು. ಮನೆಗೆ ಬಂದ ಮೇಲೆ, "ಅಷ್ಟು ಮಂದಿ ಮುಂದ ಹೇಳೂದು ಬೇಕಿತ್ತೇನು?" ಎಂದು ಕೇಳಿದ್ದೂ ಅವರೇ. ಮೊಸೆಲ್ ದಂಡೆಯಲ್ಲಿ, ದ್ರಾಕ್ಷಿ ತೋಟದ ಪಕ್ಕದ ನಿಲುಗಡೆಯಲ್ಲಿ, ಇವರೇ ಮುಂಜಾನೆ ಕಾಫಿ ಕುಡಿದು ಪೆಟ್ಟಿಗೆ ಎಳೆದುಕೊಂಡು ಹೊರಡುತ್ತಿದ್ದರು. ಅಲ್ಲಿ ಅದಕ್ಕೊಂದು ಸಾಲೇ ಇರುತ್ತಿತ್ತು. ಇಸ್ತ್ರಿ ಮಾಡಿದ ಅಂಗಿ ತೊಟ್ಟ ಮುದುಕರೊಬ್ಬರು ಒಂದು ಕೈಯಲ್ಲಿ ಕ್ಯಾಸೆಟ್ ಹಿಡಿದು, ಇನ್ನೊಂದು ಕೈಯೆತ್ತಿ ಎಲ್ಲರಿಗೂ "ಮೋರ್ಗನ್" ಎಂದು ಶುಭೋದಯ ಹೇಳುತ್ತಿದ್ದರು, ತಮ್ಮ ಸರದಿ ಮುಗಿದ ಮೇಲೆ ಜಾಗವನ್ನು ನೀರು ಬಿಟ್ಟು ತೊಳೆದು ಹೋಗುತ್ತಿದ್ದರು. ದೇವರಾಜ ಅರಸು ಅವರ ಸರ್ಕಾರದಲ್ಲಿ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದ್ದು 1970ರ ದಶಕದಲ್ಲಿ. ಇಡೀ ದೇಶಕ್ಕೆ ಅನ್ವಯಿಸುವ ಕಟ್ಟುನಿಟ್ಟಿನ ಕಾಯ್ದೆ ಬಂದದ್ದು 2013ರಲ್ಲಿ. ನಮ್ಮ ಹೊಲಸನ್ನು ಇನ್ನೊಬ್ಬರು ಹೊತ್ತಾಗ ಏಳದ ಅಸಹ್ಯ, ನಮ್ಮದನ್ನು ನಾವೇ ಎಳೆದುಕೊಂಡು ಹೋದೆವೆಂದ ಕೂಡಲೇ ಏಳುತ್ತದೆ. ಆದ್ದರಿಂದ ಕಾಕಾನ ಪ್ರಶ್ನೆಗೆ ನಾನು ಎಷ್ಟು ವಿವರ ಕೊಟ್ಟರೂ ಅದು ಉತ್ತರವಾಗುವುದಿಲ್ಲ.

ಇಷ್ಟೆಲ್ಲ ಕೇಳಿದವರಲ್ಲಿ ಒಬ್ಬರೂ ಇನ್ನೊಂದು ಮಾತನ್ನು ಕೇಳಿಲ್ಲ. ಇಲ್ಲಿ ಬಾದಾಮಿಗೋ ಕೂಡಲಸಂಗಮಕ್ಕೋ ಹೊರಟಾಗ ನೀವು ಹೆಂಗಸರು ಎಲ್ಲಿಗೆ ಹೋಗುತ್ತೀರಿ? ನನಗೆ ಬೇಕಿರುವ ಪ್ರಶ್ನೆ ಇದು.

ನಮ್ಮ ಮನೆಯ ತಿರುಗಾಟದ ಪದ್ಧತಿ ನಿಮಗೆಲ್ಲ ಗೊತ್ತಿರುವಂಥದ್ದೇ. ನಸುಕಿನಲ್ಲಿ ಬಾಡಿಗೆಯ ಕ್ರೂಸರ್ ಬಾಗಿಲಿಗೆ ಬರುತ್ತದೆ. ಕಟಕ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಮೊಸರನ್ನದ ಬುತ್ತಿ ಕ್ಯಾರಿಯರ್ ಏರುತ್ತವೆ. ಗಂಡಸರು ಚಹಾ ಕುಡಿದು ಹೊರಡುತ್ತಾರೆ, ಹೆಂಗಸರು ಬೇಡವೆನ್ನುತ್ತಾರೆ. ನೀರೂ ಬೇಡ. ಬಾದಾಮಿಯ ಗುಹೆಗಳಲ್ಲಿ, ಪಟ್ಟದಕಲ್ಲಿನಲ್ಲಿ, ಐಹೊಳೆಯಲ್ಲಿ ಟಿಕೆಟ್ ಕೊಡುವ ಸ್ಮಾರಕಗಳ ಹತ್ತಿರ ಶೌಚಾಲಯಗಳಿವೆ, ಇಲ್ಲವೆನ್ನುವುದಿಲ್ಲ. ಆದರೆ ದೇಹದ ಅವಸರಗಳು ಟಿಕೆಟ್ ಕೌಂಟರಿನ ಎದುರಿಗೇ ಬರುವುದಿಲ್ಲವಲ್ಲ. ಪಟ್ಟದಕಲ್ಲಿನಿಂದ ಐಹೊಳೆಗೆ ಹೋಗುವ ದಾರಿಯಲ್ಲಿ ಮಗಳು ಹಟ ಹಿಡಿದಾಗ ಜಾಲಿ ಕಂಟಿಯ ಹಿಂದೆ, ಊಟಕ್ಕೆ ಹಾಸಲು ತಂದ ಜಮಖಾನವನ್ನೇ ಇಬ್ಬರು ನೆಗೆಣ್ಣಿಯರು ಎರಡು ತುದಿ ಹಿಡಿದು ಮರೆ ಮಾಡಿದರು. ಒಂದು ತಾಸಿನ ಬಳಿಕ ಅದೇ ಜಮಖಾನದ ಮೇಲೆ ಕುಳಿತು ಎಲ್ಲರೂ ಉಂಡೆವು, ಹೆಂಗ ಉಂಡ್ರಿ ಎಂದು ಯಾರೂ ಕೇಳಲಿಲ್ಲ. ಸಕ್ಕರೆ ಕಾಯಿಲೆಯಿರುವ ನನ್ನ ಅತ್ತೆಯವರು ಮುಂಜಾನೆಯಿಂದ ಒಂದು ಗುಟುಕು ನೀರಿಲ್ಲದೆ ನಡೆದು, ರಾಣಿ ಲೋಕಮಹಾದೇವಿ ಕಟ್ಟಿಸಿದ ವಿರೂಪಾಕ್ಷ ದೇವಾಲಯದ ನೆರಳಿನಲ್ಲಿ ತಲೆ ಸುತ್ತಿ ಕುಳಿತದ್ದೂ ಉಂಟು. ಬಿಸಿಲಿನ ಝಳ ಎಂದು ಎಲ್ಲರೂ ತೀರ್ಮಾನಿಸಿದರು.

ಪೆಟ್ರೋಲ್ ಬಂಕುಗಳ ಮಾತು ಬೇಡ. ಒಂದು ಬಂಕಿನಲ್ಲಿ ಡೀಸೆಲ್ ಹಾಕಿಸಿಕೊಂಡ ಮೇಲೆ ಕೇಳಿದರೆ, "ಕೀಲಿ ಮಾಲಕರ ಹಂತ್ಯಾಕ ಐತ್ರಿ, ಅವರು ಊಟಕ್ಕ ಹೋಗ್ಯಾರ" ಎಂಬ ಉತ್ತರ ಬಂತು. ಯುರೋಪಿನಲ್ಲಿ ಇವೆಲ್ಲ ಪುಕ್ಕಟೆಯೆಂದು ಭಾವಿಸಬೇಡಿ; ಜರ್ಮನಿಯ ಹೆದ್ದಾರಿಯ ಬಹಳಷ್ಟು ತಂಗುದಾಣಗಳಲ್ಲಿ 70 ಸೆಂಟ್ ಇದ್ದ ದರವನ್ನು 2022ರಲ್ಲಿ 1 ಯೂರೋಗೆ ಏರಿಸಿದ್ದಾರೆ. ಒಂದು ಯೂರೋಗೆ ಇಲ್ಲಿ ನಾಲ್ಕು ಮಂದಿ ಚಹಾ ಕುಡಿಯಬಹುದೆಂದು ಲೆಕ್ಕ ಹಾಕುತ್ತ, ಹೊಟ್ಟೆ ಉರಿಸಿಕೊಂಡೇ ಕೊಟ್ಟಿದ್ದೇನೆ. ಆದರೆ ನಡುರಾತ್ರಿ ಹೋದರೂ ದೀಪ ಉರಿಯುತ್ತಿತ್ತು, ಬಾಗಿಲಿಗೆ ಒಳಗಿನಿಂದ ಚಿಲಕವಿತ್ತು, ಕೀಲಿ ಯಾರ ಜೊತೆಗೂ ಊಟಕ್ಕೆ ಹೋಗಿರಲಿಲ್ಲ.

ಮೋಟಾರ್‌ಹೋಮ್ ಕೊಳ್ಳುವ ಶಕ್ತಿ ನಮಗಿಲ್ಲ. ಆದ್ದರಿಂದ ಮಡಚುವ ಕಮೋಡೊಂದನ್ನೂ, ಒಬ್ಬರು ನಿಲ್ಲುವಷ್ಟು ಎತ್ತರದ, ಕೊಡವಿದರೆ ತಾನೇ ಬಿಚ್ಚಿಕೊಳ್ಳುವ ಸಣ್ಣ ಡೇರೆಯನ್ನೂ ಆನ್‌ಲೈನಿನಲ್ಲಿ ತರಿಸಿದ್ದೇನೆ. ಗುಂಡಿ ತೋಡಿ ಮುಚ್ಚಲು ಮನೆಯ ಸಲಿಕೆಯೇ ಸಾಕು. ಅತ್ತೆಯವರು ಅಂಗಳದಲ್ಲಿ ಡೇರೆಯೊಳಗೆ ಹೊಕ್ಕು ಹೊರಬಂದು, ಇನ್ನೂ ಸ್ವಲ್ಪ ಅಗಲ ಇರಬೇಕಿತ್ತು ಎಂದಷ್ಟೇ ಹೇಳಿದರು. ಕ್ಯಾರಿಯರ್ ಮೇಲೆ ಜಾಗವಿಲ್ಲ, ಬುತ್ತಿಯ ಬೋಗುಣಿ ಎಲ್ಲಿಡುವುದು ಎಂದು ತಕರಾರು ತೆಗೆದವರು ನನ್ನ ಗಂಡ. ಬನದ ಹುಣ್ಣಿಮೆಗೆ ಬನಶಂಕರಿಗೆ ಹೋಗುವಾಗ ಡೇರೆ ಬರುತ್ತದೆ, ಜಾಗ ಸಾಲದಿದ್ದರೆ ಬೋಗುಣಿ ಮನೆಯಲ್ಲಿರಲಿ, ಜಾತ್ರೆಯಲ್ಲಿ ಗಿರಮಿಟ್ಟು, ಮಿರ್ಚಿ ಭಜಿ ಬೇಕಾದಷ್ಟು ಸಿಗುತ್ತವೆ ಎಂದು ಹೇಳಿಬಿಟ್ಟಿದ್ದೇನೆ.