ಡಿಪ್ಲೊಮಾ ಅಂದ್ರೆ ಯಾವ ಡಿಪ್ಲೊಮಾ?

ಅಡ್ಮಿಷನ್ ಸಮಯ ಬಂತೆಂದರೆ ಹುಬ್ಬಳ್ಳಿಯ ನಮ್ಮ ಪಾಲಿಟೆಕ್ನಿಕ್‌ಗೆ ವಿಚಾರಿಸುವವರು ಜಾಸ್ತಿ. ಈ ಸಲ ಕುಂದಗೋಳ ಕಡೆಯ ಹುಡುಗಿಯೊಬ್ಬಳು ಬಂದಿದ್ದಳು. ಪಿಯುಸಿ ನಂತರ ಆರು ತಿಂಗಳ ಕಂಪ್ಯೂಟರ್ ಕೋರ್ಸ್ ಮುಗಿಸಿದ್ದಾಳೆ. ಪ್ಲಾಸ್ಟಿಕ್ ಕವರಿನಲ್ಲಿ ಸರ್ಟಿಫಿಕೇಟ್, ಅದರ ಮೇಲೆ ದಪ್ಪ ಬಂಗಾರದ ಬಣ್ಣದಲ್ಲಿ ‘ಡಿಪ್ಲೊಮಾ’.

“ಸರ್, ಇನ್ನ ಡಿಸಿಇಟಿ ಬರದು ಸೀದಾ ಬಿಇ ಎರಡನೇ ವರ್ಷಕ್ಕ ಹೋಗಬಹುದಲ್ರಿ?”

ಹೋಗಲು ಬರುವುದಿಲ್ಲ. ಡಿಸಿಇಟಿ ಅಂದರೆ ಡಿಪ್ಲೊಮಾ ಮುಗಿಸಿದವರು ಬಿಇ ಎರಡನೇ ವರ್ಷಕ್ಕೆ ಸೇರಲು ಬರೆಯುವ ಪ್ರವೇಶ ಪರೀಕ್ಷೆ. ಅದಕ್ಕೆ ಬೇಕಾದದ್ದು ಎಸ್ಸೆಸ್ಸೆಲ್ಸಿ ನಂತರ ಮೂರು ವರ್ಷ ಓದುವ ಪಾಲಿಟೆಕ್ನಿಕ್ ಡಿಪ್ಲೊಮಾ. ಇದನ್ನು ಹೇಳುವಾಗ ಅವಳಪ್ಪನ ಮುಖ ನೋಡಲು ನನಗೆ ಕಷ್ಟವಾಯಿತು. ಹೆಸರು ನಂಬಿಯೇ ಅವರು ಫೀ ಕಟ್ಟಿದ್ದು.

ಕೋರ್ಸ್ ಕೆಟ್ಟದ್ದೇನಲ್ಲ. ಹುಡುಗಿಗೆ ಟ್ಯಾಲಿ, ಅಂದರೆ ಲೆಕ್ಕ ಬರೆಯುವ ಸಾಫ್ಟ್‌ವೇರ್, ಚೆನ್ನಾಗಿ ಬರುತ್ತದೆ. ಅಮರಗೋಳದ ಎಪಿಎಂಸಿಯಲ್ಲಿ ಲೆಕ್ಕ ನೋಡುವ ಕೆಲಸಕ್ಕೆ ಅದು ಉಪಯೋಗಕ್ಕೆ ಬರುತ್ತದೆ. ಬೋರ್ಡಿನಲ್ಲಿ ‘ಆರು ತಿಂಗಳ ಟ್ಯಾಲಿ ತರಬೇತಿ’ ಅಂತಲೇ ಬರೆದಿದ್ದರೆ ಅವಳು ಖುಷಿಯಿಂದಲೇ ಕಲಿಯುತ್ತಿದ್ದಳು, ಅಲ್ವಾ?

2021ರಲ್ಲಿ ನಮ್ಮ ಡಿಗ್ರಿ ಕಾಲೇಜುಗಳಿಗೆ ಬಂದ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲೂ (ಎನ್‌ಇಪಿ) ಒಂದು ವರ್ಷಕ್ಕೆ ಓದು ಬಿಟ್ಟರೆ ಸರ್ಟಿಫಿಕೇಟ್, ಎರಡು ವರ್ಷಕ್ಕೆ ಬಿಟ್ಟರೆ ಡಿಪ್ಲೊಮಾ ಎಂದಿತ್ತು. ಮಕ್ಕಳು ಗೊಂದಲಕ್ಕೆ ಬೀಳದೆ ಏನು ಮಾಡಿಯಾರು? ಫೀ ಕಟ್ಟುವ ಮೊದಲು ಸರ್ಟಿಫಿಕೇಟ್ ಕೊಡುವವರು ಯಾರು, ಅದು ಮುಂದೆ ಯಾವ ಪರೀಕ್ಷೆಗೆ ನಡೆಯುತ್ತದೆ ಅಂತ ದಯವಿಟ್ಟು ಬಾಯಿಬಿಟ್ಟು ಕೇಳಿ.